ಬೆಂಚಿನಿಂದ ಎಲೀಷಪ್ಪ

ಏಳು ವರ್ಷ ಅವನ ಬೆನ್ನನ್ನೇ ನೋಡಿದೆ.
ಹಸಿರು ಜರ್ಸಿ, ಮಾರ್ಥಮ್ಮ ಕೈಯಾರೆ ಹೊಲಿದ ಒಂದನೇ ನಂಬರು
ಬೆವರಿಗೆ ತಲೆಬಾಗಿ ಏಳರ ಹಾಗೆ ಕಾಣುತ್ತಿತ್ತು.
ನಾನು ಎರಡನೇ ಗೋಲ್ಕಿ. ನನ್ನ ಕೆಲಸ
ನಿಂಬೆಹಣ್ಣು ಹೆಚ್ಚುವುದು, ಚೆಂಡಿಗೆ ಗಾಳಿ ಹೊಡೆಯುವುದು,
ಅವನಿಗೆ ಜ್ವರ ಬರಲೆಂದು
ದೇವರಲ್ಲಿ ಬೇಡದೆ ಇರುವುದು.

ಶಹಾಬಾದಿನ ಕಾರ್ಖಾನೆ ಮೈದಾನದಲ್ಲಿ ಹುಲ್ಲಿರಲಿಲ್ಲ.
ಕೆಳಗೆ ಫರಸಿ ಕಲ್ಲು, ಮೇಲೆ ಮೂರು ಬೆರಳು ಮಣ್ಣು,
ಅದರ ಮೇಲೆ ಚಿಮಣಿ ಉದುರಿಸಿದ ಸಿಮೆಂಟು.
ಅಂಚಿನ ಬೇವಿನ ಮರ ಹುಟ್ಟಿದಾಗಿನಿಂದ ಮುದುಕ.
ಹಳೆ ರೈಲುಹಳಿ ಕಡಿದು ನೆಟ್ಟ ಗೋಲುಗಂಬ
ಮೇ ತಿಂಗಳಲ್ಲಿ ಮುಟ್ಟಿದರೆ ಅಂಗೈ ತೊಗಲು ಅಲ್ಲೇ.
ಆ ಕಲ್ಲಿನ ಮೇಲೆ ಎಲೀಷಪ್ಪ ಬೀಳುತ್ತಿದ್ದ
ಯಾರೋ ಕೌದಿ ಹಾಸಿಟ್ಟಿದ್ದಾರೆ ಎಂಬಂತೆ.
ಕೈಗವಸು ಭಟ್ಟಿ ವಿಭಾಗದ್ದು,
ಸ್ಟೋರಿನವನಿಗೆ ಎರಡು ಕಟ್ಟು ಬೀಡಿ ಕೊಟ್ಟು ತಂದದ್ದು.
ವಾಡಿಯ ರೈಲ್ವೆ ಟೀಮು ಮುರಿದ ಕಿರುಬೆರಳು
ಮತ್ತೆ ಮಡಚಲೇ ಇಲ್ಲ;
ಬಸಿ ಎತ್ತಿ ಚಾ ಕುಡಿದರೆ ಥೇಟು ನವಾಬ.

‘ಚೆಂಡ ನೋಡಬ್ಯಾಡೋ,
ಒದಿಯಾವನ ಟೊಂಕ ನೋಡು.
ಕಾಲು ಸುಳ್ಳು ಹೇಳ್ತದ, ಟೊಂಕಕ್ಕ ಬರಂಗಿಲ್ಲ’
ಅಂದಿದ್ದ ನನಗೆ, ಒಮ್ಮೆ,
ಮೂರನೇ ಪಾಳಿ ಮುಗಿಸಿ ಸೈಕಲ್ ತಳ್ಳುತ್ತ.
ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ,
ಬೆಂಚಿನ ಮೇಲೆ?

ಆಮೇಲೆ ಮೊಣಕಾಲು ಹೋಯಿತು.
ಕಂಪನಿ ಅವನಿಗೊಂದು ಸೀಟಿ ಕೊಟ್ಟಿತು,
ಹೆಸರು ತಪ್ಪು ಕೊರೆದ ಗಡಿಯಾರ ಕೊಟ್ಟಿತು,
ಮ್ಯಾನೇಜರ್ ಎಂದು ಕರೆದು
ನನ್ನ ಪಕ್ಕ ಕೂರಿಸಿತು.
ಆಗ ನೋಡಿದೆ, ಮೊದಲ ಸಲ,
ಆಟದ ಹೊತ್ತಿನ ಅವನ ಮುಖ.
ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಮುಖ.
ಪ್ರತಿ ಹೊಡೆತಕ್ಕೂ ಕೈ ತಾನಾಗಿ ಏಳುತ್ತಿತ್ತು.
ಕೊನೆಗೆ ಎರಡೂ ಕೈ ತೊಡೆಯಡಿ ಸಿಕ್ಕಿಸಿ
ಅವುಗಳ ಮೇಲೆಯೇ ಕೂತ.

ಸೊಲ್ಲಾಪುರದ ಗಿರಣಿಯವರೊಂದಿಗೆ ಫೈನಲ್.
ಮೆಸ್ಸಿನ ಗೋಡೆಗೆ ಸೀಮೆಸುಣ್ಣದಲ್ಲಿ ಹೆಸರು ಬರೆದ:
ಗೋಲ್ಕಿ, ಯಾಕೂಬ. ಪ್ಯಾಕಿಂಗಿನ ಹುಡುಗ,
ಹತ್ತೊಂಬತ್ತು ವರ್ಷ, ಮೀಸೆಯೂ ಅನುಮಾನ.
ಹನ್ನೆರಡನೆಯ ಹೆಸರು ನನ್ನದು. ಅದೇ ಜಾಗ.
ಯಾಕೆ ಅಂದೆ.
‘ನೀ ಭಾಳ ದಿನ ಕುಂತಿದಿ.
ಕುಂತಾವಗ ಏಳಾಕ ಹೊತ್ತು ಹತ್ತತದ.
ಚೆಂಡಿಗಿ ಅಷ್ಟು ಪುರುಸೊತ್ತಿಲ್ಲ.’

ಎರಡು–ಒಂದು, ಸೋತೆವು.
ಎರಡನೆಯದು ಯಾಕೂಬನ ಕಾಲ ಸಂದಿಯಿಂದಲೇ.
ಸಾಹೇಬರ ಮುಂದೆ ಎಲೀಷಪ್ಪ ಟೊಪ್ಪಿಗೆ ತೆಗೆದು
‘ಹೆಸರು ಬರದಾವ ನಾನ್ರಿ’ ಎಂದಷ್ಟೇ ಹೇಳಿದ.
ನನಗೆ ಖುಷಿಯಾಯಿತು.
ಆ ಖುಷಿ ಇವತ್ತಿಗೂ ಅಂಗಿಗೆ ಹತ್ತಿದ ಡಾಂಬರು.
ಒಂದೂವರೆ ವರ್ಷ ಅವನನ್ನು ಮಾತಾಡಿಸಲಿಲ್ಲ.

ಕಾರ್ಖಾನೆ ಮುಚ್ಚಿತು.
ಬೇವು ಹಸಿರಾಯಿತು, ಅದೊಂದು ಲಾಭ.
ಎರಡು ಗಂಟೆಗೆ ಸೈರನ್ನಿಲ್ಲ, ಆದರೂ
ಬಜಾರಿನ ಮುದುಕರೆಲ್ಲ ಆ ಹೊತ್ತಿಗೆ
ಒಮ್ಮೆ ತಲೆ ಎತ್ತುತ್ತಾರೆ.
ಗಣಿಯವರ ಮಕ್ಕಳನ್ನು ಕಟ್ಟಿಕೊಂಡು
ಎಲೀಷಪ್ಪ ಈಗಲೂ ಅದೇ ಮೈದಾನದಲ್ಲಿ.
ಎಡಗಂಬವನ್ನು ಗುಜರಿಯವರು ಕದ್ದೊಯ್ದ ಮೇಲೆ
ಆ ಕುಣಿಯಲ್ಲಿ ತಾನೇ ನಿಲ್ಲುತ್ತಾನೆ,
ಎಪ್ಪತ್ತರ ಹತ್ತಿರದ ಕಂಬ,
ಬಾಯಲ್ಲಿ ಸೀಟಿ.

ಮೊನ್ನೆ ಹಾಲು ತರಲು ಹೋಗುತ್ತಿದ್ದೆ.
‘ಬಾರೋ’ ಅಂದ. ‘ನಿಂದ್ರು.’
ಕ್ಯಾನು ಕೆಳಗಿಟ್ಟು ನಿಂತೆ. ಲುಂಗಿ ಎತ್ತಿ ಕಟ್ಟಿದೆ.
ಎಷ್ಟು ಅಗಲವಪ್ಪ ಇದು!
ಬೆಂಚಿನಿಂದ ಇಷ್ಟು ಅಗಲ ಕಂಡಿರಲಿಲ್ಲ.
ಬರಿಗಾಲಿನ ಹುಡುಗಿ, ಅಯ್ಯಮ್ಮನ ಮೊಮ್ಮಗಳು,
ಚೆಂಡಿಟ್ಟು ಹಿಂದೆ ಸರಿದಳು.
ನಾನು ಟೊಂಕ ನೋಡಿದೆ.
ಖರೇನೇ, ಅದಕ್ಕೆ ಸುಳ್ಳು ಬರುವುದಿಲ್ಲ:
ಎಡಕ್ಕೆ ಎಂದಿತು.
ಗೊತ್ತಾಯಿತು. ಗೊತ್ತಾಗಿಯೂ ಕಾಲು ಏಳಲಿಲ್ಲ.
ಅಷ್ಟರಲ್ಲಿ
ಕಂಬ ಜಿಗಿಯಿತು.

ಧೂಳು ಇಳಿದ ಮೇಲೆ ನೋಡಿದರೆ
ಫರಸಿ ಮೇಲೆ ಅಡ್ಡ ಬಿದ್ದಿದ್ದಾನೆ,
ಚೆಂಡು ಎದೆಗೆ, ಸೊಟ್ಟ ಬೆರಳು ಮೇಲಕ್ಕೆ.
ಎಬ್ಬಿಸಲು ಹೋಗಿ ನಾನೂ ಕುಸಿದೆ.
ಇಬ್ಬರೂ ನಗುತ್ತ ಅಲ್ಲೇ ಕೂತಿದ್ದಾಗ
ಹುಡುಗಿ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು:
‘ಕಂಬ ಜಿಗ್ಯಂಗಿಲ್ರಿ ಸರ್.
ಗೋಲ್ ಅಂದ್ರ ಗೋಲ್.’